ನಾಲ್ಕು ರಬ್ಬರ್ ಸ್ಟ್ಯಾಂಪುಗಳು: ಸಾಗರದಲ್ಲೊಂದು ವಿಡಿಯೊ ಕಂಪನಿ

ನಮ್ಮ ಮೇಜಿನ ಡ್ರಾಯರ್‌ನಲ್ಲಿ ಈಗ ನಾಲ್ಕು ರಬ್ಬರ್ ಸ್ಟ್ಯಾಂಪುಗಳಿವೆ. ಒಂದು ಅಪ್ಪನ ಫೋಟೊ ಸ್ಟುಡಿಯೊದ್ದು, ಅಂಚು ಸವೆದು ದುಂಡಗಾಗಿದೆ. ಎರಡನೆಯದರಲ್ಲಿ ‘ಪಾಲುದಾರರು’ ಎಂದಿದೆ. ಮೂರನೆಯದರಲ್ಲಿ ‘ನಿರ್ದೇಶಕರು’ ಎಂದಿದ್ದರೂ ಅದು ಒಂದೇ ದಿನ ಕೆಲಸ ಮಾಡಿ ನಿವೃತ್ತವಾಯಿತು. ಆ ಕಥೆ ಮುಂದೆ ಬರುತ್ತದೆ. ನಾಲ್ಕನೆಯದು ಚಾಲ್ತಿಯಲ್ಲಿರುವುದು.

ಕಳೆದ ವಾರ ಟ್ರೇಡ್‌ಮಾರ್ಕ್ ನೋಂದಣಿಯ ಪ್ರಮಾಣಪತ್ರ ಬಂತು. ಅಲ್ಲಿಗೆ ನಮ್ಮ ಕಾಗದಪತ್ರದ ಕೆಲಸ ಸದ್ಯಕ್ಕೆ ಮುಗಿಯಿತು. ಊರಿನಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ವಾರಕ್ಕೊಬ್ಬರಂತೆ ಮೆಟ್ಟಿಲು ಹತ್ತಿ ಬಂದು, ‘ಅಕ್ಕಾ, ಕಂಪನಿ ಮಾಡುವುದು ಹೇಗೆ?’ ಎಂದು ಕೇಳುತ್ತಾರೆ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಡುತ್ತಿದ್ದೇನೆ. ಯಾವ ಕ್ಯಾಮೆರಾ, ಯಾವ ಲೆನ್ಸ್ ಎನ್ನುವುದು ಇದರಲ್ಲಿಲ್ಲ. ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ. ನಮ್ಮ ಕಂಪನಿಯ ಹೆಸರೂ ಇಲ್ಲ, ಜಾಹೀರಾತು ಎಂದುಕೊಂಡೀರಿ.

ಬೆಂಗಳೂರಿನ ಟಿವಿ ವಾಹಿನಿಯೊಂದರಲ್ಲಿ ಸಂಕಲನದ ಕೆಲಸದಲ್ಲಿದ್ದವಳು ನಾನು. ರಾತ್ರಿ ಪಾಳಿ ಸಾಕಾಗಿ 2016ರಲ್ಲಿ ನಮ್ಮೂರು, ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಮರಳಿದೆ. ಅಪ್ಪನ ಸ್ಟುಡಿಯೊದಲ್ಲಿ ಆಗ ಪಾಸ್‌ಪೋರ್ಟ್ ಅಳತೆಯ ಫೋಟೊ ಬಿಟ್ಟರೆ ಹೆಚ್ಚಿನ ವ್ಯಾಪಾರವಿರಲಿಲ್ಲ. ಕ್ಯಾಮೆರಾ ಹಿಡಿಯಲು ಶಾಲೆಯ ಗೆಳೆಯನೊಬ್ಬ ಸಿಕ್ಕಿದ. ಧ್ವನಿಮುದ್ರಣಕ್ಕೆ ಅವನ ಭಾವ ಬಂದರು; ಯಕ್ಷಗಾನದ ಹುಚ್ಚು ಇದ್ದವರು, ಚೆಂಡೆಯ ಅಬ್ಬರದ ನಡುವೆ ಭಾಗವತರ ದನಿ ಒಡೆಯದಂತೆ ಮೈಕ್ ಇಡುವುದು ಅವರಿಗೆ ಕೈವಶ. ಬಂಡವಾಳ ಎಂದರೆ ಅಪ್ಪನ ಅಟ್ಟದ ಕೋಣೆ, ನನ್ನ ಕಂಪ್ಯೂಟರ್, ಕಂತಿನಲ್ಲಿ ಕೊಂಡ ಒಂದು ಕ್ಯಾಮೆರಾ.

ಮೊದಲ ಎರಡು ವರ್ಷ ನಮ್ಮನ್ನು ಸಾಕಿದ್ದು ಮದುವೆಗಳು. ಪಂಚಾಂಗವೇ ನಮ್ಮ ಆಯವ್ಯಯ ಪತ್ರ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖದಲ್ಲಿ ಒಂದೇ ದಿನಕ್ಕೆ ನಾಲ್ಕು ಕಡೆಯಿಂದ ಕರೆ. ಕ್ಯಾಮೆರಾದ ಕಂತು ಮಾತ್ರ ಆಷಾಢವನ್ನು ನೋಡುವುದಿಲ್ಲ. ಈ ಕಸುಬಿಗೆ ಇಳಿಯುವವರು ಮೂರು ತಿಂಗಳ ಕಂತಿನಷ್ಟು ಹಣವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ. ನಾವು ಇಟ್ಟಿರಲಿಲ್ಲ. ಅಮ್ಮನ ಬಳೆ ಎರಡು ಸಲ ಸಹಕಾರಿ ಸಂಘಕ್ಕೆ ಹೋಗಿ ಬಂದಿವೆ.

2018ರಲ್ಲಿ ಪಾಲುದಾರಿಕೆ ಪತ್ರ ಮಾಡಿಕೊಂಡೆವು. ಛಾಪಾ ಕಾಗದ ಸೇರಿ ನಾಲ್ಕು ಪುಟ, ಲಾಭ ನಷ್ಟ ಮೂವರಿಗೂ ಸಮಪಾಲು. ಪತ್ರ ಬರೆದುಕೊಟ್ಟವರು ಏಳುವಾಗ ಒಂದು ಮಾತು ಕೇಳಿದ್ದರು: ‘ಫರ್ಮ್ ನೋಂದಣಿ ಮಾಡಿಸುತ್ತೀರಾ? ಕಡ್ಡಾಯವೇನಿಲ್ಲ.’ ಕಡ್ಡಾಯವಲ್ಲ ಎಂದಮೇಲೆ ಯಾರು ಮಾಡಿಸುತ್ತಾರೆ? ಅಂದು ನಾವು ಉಳಿಸಿದ್ದು ಸುಮಾರು ಮೂರು ಸಾವಿರ ರೂಪಾಯಿ ಮತ್ತು ಶಿವಮೊಗ್ಗಕ್ಕೆ ಎರಡು ಓಡಾಟ. ಎರಡನೆಯ ಸ್ಟ್ಯಾಂಪು ಹುಟ್ಟಿದ್ದು ಆಗ. ಕಂಡ ಕಂಡ ಕಾಗದದ ಮೇಲೆಲ್ಲ ಒತ್ತಿದೆವು.

2020ರ ಮಾರ್ಚ್‌ನಲ್ಲಿ ಎಲ್ಲವೂ ನಿಂತಿತು. ಮುಂದೆ ಮದುವೆಗೆ 50 ಜನರ ಮಿತಿ ಬಂದಾಗ, ಬರಲಾರದ ನೆಂಟರಿಗೆ ಮೊಬೈಲ್‌ನಲ್ಲಿ ಮದುವೆ ತೋರಿಸುವ ಕೆಲಸ ಹುಟ್ಟಿಕೊಂಡಿತು. ಮೊದಲ ನೇರಪ್ರಸಾರ ನಡೆದದ್ದು ಕಾಡಿನ ನಡುವಿನ ಒಂಟಿ ಮನೆಯೊಂದರಲ್ಲಿ. ಅಂಗಳದಲ್ಲಿ ಸಿಗ್ನಲ್ ಇಲ್ಲ. ಅಡಿಕೆ ತೋಟ ದಾಟಿ ಮೇಲೆ ಹತ್ತಿದರೆ ಒಂದು ದಿಬ್ಬ, ಅಲ್ಲಿ ನೇರಳೆ ಮರದ ಬುಡದಲ್ಲಿ ಮಾತ್ರ ಎರಡು ಗೆರೆ ಕಾಣುತ್ತಿತ್ತು. ಮನೆಯಿಂದ ದಿಬ್ಬಕ್ಕೆ 180 ಮೀಟರ್ ಕೇಬಲ್ ಎಳೆದೆವು. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ಕೈಕೊಡುತ್ತದೆ. ಹಾಗಾಗಿ ತೋಟದ ನಡುವೆ ಒಂದು ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆ ಇಟ್ಟು, ಮಳೆ ಬಿದ್ದೀತೆಂದು ಅದರ ಮೇಲೆ ಅಡಿಕೆ ಹಾಳೆ ಮುಚ್ಚಿದೆವು. ದಿಬ್ಬದ ಮೇಲೆ ಭಾವ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಎರಡು ಡಾಂಗಲ್ ಹಿಡಿದು ನಾಲ್ಕು ಗಂಟೆ ಕುಳಿತಿದ್ದರು. ಮೈಯೆಲ್ಲ ಉಂಬಳ (ಜಿಗಣೆ).

ಮಾಂಗಲ್ಯಧಾರಣೆಗೆ ಐದು ನಿಮಿಷ ಇರುವಾಗ ಯಾರೋ ಉತ್ಸಾಹಿ ಸ್ಪೀಕರ್‌ನಲ್ಲಿ ಚಿತ್ರಗೀತೆ ಹಾಕಿದರು. ಪ್ರಸಾರ ನಿಂತಿತು. ಹಾಡಿನ ಹಕ್ಕು ಬೇರೆಯವರದೆಂದು ಪ್ರಸಾರ ತಾಣದ ಯಂತ್ರ ಗುರುತಿಸಿಬಿಟ್ಟಿತ್ತು. ಅಮೆರಿಕದಲ್ಲಿದ್ದ ವರನ ಅಕ್ಕ ತಾಳಿ ಕಟ್ಟಿದ್ದನ್ನು ನೋಡಲಿಲ್ಲ. ಆ ಮನೆಯವರು ನಮಗೆ ಪೂರ್ತಿ ಹಣ ಕೊಟ್ಟರು, ಆದರೆ ಊಟಕ್ಕೆ ಕರೆಯುವಾಗ ಮುಖ ನೋಡಲಿಲ್ಲ. ಮದುವೆಯ ಸಂಭ್ರಮದಲ್ಲಿ ಹಾಡು ಹಾಕುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ ಎಂದು ಆಮೇಲೆ ಓದಿದೆ. ಹಾಡು ಹಿಡಿಯುವ ಯಂತ್ರ ಕಲಮು ಓದುವುದಿಲ್ಲ. ಅಂದಿನಿಂದ ಮದುವೆ ಮನೆಗೆ ಹೋದ ಕೂಡಲೇ ನಾನು ಹುಡುಕುವುದು ಸ್ಪೀಕರ್ ಯಾರ ಕೈಯಲ್ಲಿದೆ ಎಂಬುದನ್ನು.

ಕೈ ಖಾಲಿ ಇದ್ದ ಆ ದಿನಗಳಲ್ಲೇ ಯೂಟ್ಯೂಬ್ ವಾಹಿನಿಯನ್ನೂ ಶುರು ಮಾಡಿದೆವು. ಅಡಿಕೆ ಸುಲಿಯುವುದು, ಆಲೆಮನೆ, ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯ ತೊಟ್ಟನ್ನು ಮುರಿಯದೆ ಸೊನೆ ಇಳಿಸುವುದನ್ನು ಅಜ್ಜಿಯೊಬ್ಬರು ತೋರಿಸಿದ ಹನ್ನೊಂದು ನಿಮಿಷದ ವಿಡಿಯೊ ಜನರಿಗೆ ಹಿಡಿಸಿತು. ಜಾಹೀರಾತಿನ ಹಣ ಬರಲು 1,000 ಚಂದಾದಾರರು ಮತ್ತು ಒಂದು ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆ ಬೇಕು. ಅದು ಎಂಟು ತಿಂಗಳಲ್ಲಿ ಆಯಿತು. ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಬರುತ್ತದೆ. ಮೊದಲ ಕಾರ್ಡ್ ಬರಲಿಲ್ಲ. ತಿಂಗಳು ಕಾದು ಎರಡನೆಯದಕ್ಕೆ ಕೋರಿದೆವು, ಅದೂ ಬರಲಿಲ್ಲ. ತಪ್ಪು ನಮ್ಮದೇ. ಕಂಪನಿಯ ಗತ್ತು ಇರಲೆಂದು ವಿಳಾಸದಲ್ಲಿ ಹೊಸ ಹೆಸರು ಹಾಕಿ ‘ಒಂದನೇ ಮಹಡಿ’ ಎಂದು ಬರೆದಿದ್ದೆ. ಅಂಚೆಯಣ್ಣನಿಗೆ ಗೊತ್ತಿದ್ದದ್ದು ಅಪ್ಪನ ಫೋಟೊ ಅಂಗಡಿ ಮಾತ್ರ. ಮೂರನೆಯ ಸಲ ಅಪ್ಪನ ಹೆಸರು ಹಾಕಿದೆ. ಹದಿನೆಂಟನೆಯ ದಿನ ಕಾರ್ಡ್ ಕೈಗೆ ಬಂತು. ವಿಳಾಸವನ್ನು ಅಂಚೆಯವರಿಗೆ ಅರ್ಥವಾಗುವಂತೆ ಬರೆಯಿರಿ, ಗ್ರಾಹಕರಿಗಾಗಿ ಅಲ್ಲ.

ಅಮೆರಿಕದ ವೀಕ್ಷಕರಿಂದ ಬರುವ ಪಾಲಿಗೆ ಅಲ್ಲಿನ ತೆರಿಗೆ ಕಡಿತವಾಗುತ್ತದೆ. ತೆರಿಗೆಯ ನಮೂನೆ ತುಂಬಿ ಭಾರತದ ಒಪ್ಪಂದದ ಲಾಭ ಕೇಳಿದರೆ ಅದು 15 ಪ್ರತಿಶತ. ತುಂಬದಿದ್ದರೆ ಹೆಚ್ಚು ಹೋಗುತ್ತದೆ. ವಾಹಿನಿಯ ವರಮಾನದಲ್ಲಿ ಬದುಕಬಹುದೇ ಎಂದು ಕೇಳುವವರಿಗೆ ಒಂದೇ ಮಾತು: ನಮಗೆ ಅದರಿಂದ ಬಂದ ದೊಡ್ಡ ಲಾಭ ಡಾಲರ್ ಅಲ್ಲ. ಉಪ್ಪಿನಕಾಯಿ ವಿಡಿಯೊ ನೋಡಿದ ಸಹಕಾರಿ ಸಂಘವೊಂದು ತನ್ನ ವಾರ್ಷಿಕ ಮಹಾಸಭೆಗೆ ಸಾಕ್ಷ್ಯಚಿತ್ರ ಮಾಡಿಕೊಡಿ ಎಂದು ಕರೆಯಿತು. ಮದುವೆ ಬಿಟ್ಟು ನಮಗೆ ಸಿಕ್ಕಿದ ಮೊದಲ ಕೆಲಸ ಅದು.

ಆ ಕೆಲಸದ ಒಂದು ರಾತ್ರಿ ನೆನಪಿದೆ. ಸಂಘದವರು ಕೊಟ್ಟ ನಿರೂಪಣೆಯ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಚುಕ್ಕೆ ಇಟ್ಟ ವಿಚಿತ್ರ ಸ್ವರಗಳು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರು. ಅದನ್ನು ಯುನಿಕೋಡ್‌ಗೆ ಪರಿವರ್ತಿಸಿ ಪರದೆಯ ಮೇಲಿನ ಶೀರ್ಷಿಕೆಗಳನ್ನು ಹಾಕಿದೆ. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಉಜ್ಜಿಕೊಂಡು ನೋಡುತ್ತೇನೆ, ‘ಶಿವಮೊಗ್ಗ’ದ ಗಕಾರದ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ನಿಂತಿದೆ, ‘ಅಧ್ಯಕ್ಷರು’ ಎಂಬಲ್ಲಿ ಯಒತ್ತು ಬೇರೆ, ಷಒತ್ತು ಬೇರೆ. ನಲವತ್ತು ಹೆಸರುಗಳಿದ್ದವು. ಒಂದೊಂದನ್ನೂ ಚಿತ್ರವಾಗಿ ಮಾಡಿ ಅಂಟಿಸಿದೆ, ಬೆಳಕು ಹರಿಯಿತು. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶ ಬಳಸುವವರು ಅಕ್ಷರ ಯಂತ್ರದ (ಟೆಕ್ಸ್ಟ್ ಎಂಜಿನ್) ಆಯ್ಕೆಯನ್ನು ‘ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ’ ಎಂದು ಬದಲಿಸಿ ತಂತ್ರಾಂಶವನ್ನು ಮತ್ತೆ ತೆರೆದರೆ ಸಾಕು ಎಂಬುದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಹೆಸರಿನ ಒತ್ತಕ್ಷರ ತಪ್ಪಿದರೆ ಗ್ರಾಹಕ ಬೇರೆ ಯಾವುದನ್ನೂ ನೋಡುವುದಿಲ್ಲ, ಇದನ್ನಂತೂ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮನ್ನು ಕಂಪನಿಯ ದಾರಿಗೆ ನೂಕಿದ ಘಟನೆ. 2022ರಲ್ಲಿ ಪಕ್ಕದ ಜಿಲ್ಲೆಯ ಖಾಸಗಿ ಸಂಸ್ಥೆಯೊಂದಕ್ಕೆ ಆರು ಪ್ರಚಾರ ಚಿತ್ರಗಳನ್ನು ಮಾಡಿಕೊಟ್ಟೆವು. ಒಪ್ಪಿದ ಮೊತ್ತ 2,85,000 ರೂಪಾಯಿ, ಮುಂಗಡ 80,000. ಒಪ್ಪಂದ ಎಂದರೆ ವಾಟ್ಸ್‌ಆ್ಯಪ್‌ನ ಕೆಲವು ಸಾಲು ಮತ್ತು ‘ನಿಮ್ಮ ಮೇಲೆ ನಂಬಿಕೆ ಇದೆ’ ಎಂಬ ಮಾತು. ಚಿತ್ರಗಳನ್ನು ಒಪ್ಪಿಸಿದೆವು, ಅವರು ಎಲ್ಲ ಕಡೆ ಹಾಕಿಕೊಂಡರು. ಹಣ ಕೇಳಿದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಂತೆ. ನಾಳೆ ಲೆಕ್ಕಪತ್ರದವರು ರಜೆ, ನಾಳೆ ಅಧ್ಯಕ್ಷರು ಊರಲ್ಲಿಲ್ಲ, ನಾಳೆ ಹಬ್ಬ. ಒಂದು ದಿನ ಅವರ ಕಚೇರಿಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕುಳಿತೆ. ಎದುರಿನ ಗೋಡೆಯ ಟಿವಿಯಲ್ಲಿ ನಾವೇ ಮಾಡಿದ ಚಿತ್ರ ಸುತ್ತಿ ಸುತ್ತಿ ಬರುತ್ತಿತ್ತು. ಎಷ್ಟು ಸಲ ಎಂದು ಎಣಿಸಿದೆ: ನೂರಾ ಹನ್ನೆರಡು.

ವಕೀಲರ ಬಳಿ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: ‘ಫರ್ಮ್ ನೋಂದಣಿ ಆಗಿದೆಯೇ?’ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಫರ್ಮ್ ಒಪ್ಪಂದದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ನೂರು ರೂಪಾಯಿ ಮೀರದ ಕೆಲವು ಸಣ್ಣ ದಾವೆಗಳಿಗೆ ವಿನಾಯಿತಿ ಇದೆ ಎಂದು ಹೇಳುವಾಗ ವಕೀಲರಿಗೇ ನಗು ಬಂತು. ನಮಗೆ ಬರಲಿಲ್ಲ. ಈಗ ನೋಂದಣಿ ಮಾಡಿಸಿ ನಂತರ ದಾವೆ ಹಾಕಬಹುದು, ಕೆಲಸದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ ಎಂದರು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನಿನಡಿ ಹೋಗೋಣವೆಂದರೆ, ಕೆಲಸ ಒಪ್ಪಿಕೊಳ್ಳುವ ಮೊದಲೇ ಸಣ್ಣ ಉದ್ದಿಮೆಗಳಿಗಿರುವ ‘ಉದ್ಯಮ್’ ಎಂಬ ಸರ್ಕಾರಿ ನೋಂದಣಿ ಇರಬೇಕಿತ್ತೆಂಬ ತಕರಾರು ಬರುತ್ತದೆ ಎಂದರು. ಅದೂ ನಮ್ಮಲ್ಲಿರಲಿಲ್ಲ. ಉದ್ಯಮ್ ನೋಂದಣಿ 2020ರ ಜುಲೈಯಿಂದ ಇದೆ, ಒಂದು ಪೈಸೆ ಖರ್ಚಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಕೊನೆಗೆ ನೋಟಿಸು ಕೊಟ್ಟು, ಊರಿನ ಹಿರಿಯರೊಬ್ಬರ ಮೂಲಕ ಮಾತಾಡಿಸಿ, 1,20,000 ರೂಪಾಯಿಗೆ ರಾಜಿಯಾದೆವು. 85,000 ಹೋಯಿತು. ಕ್ಯಾಮೆರಾದ ಗೆಳೆಯ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, ‘ಕಂಪನಿ ಮಾಡಿಬಿಡೋಣ’ ಎಂದ. ಸಿಟ್ಟಿನಲ್ಲಿ ಹುಟ್ಟಿದ ಕಂಪನಿ ನಮ್ಮದು.

2023ರ ಜೂನ್‌ನಲ್ಲಿ ಶುರು ಮಾಡಿದೆವು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ಇದಕ್ಕೆ ‘ಸ್ಪೈಸ್ ಪ್ಲಸ್’ ಎಂಬ ಅರ್ಜಿ. ಮೊದಲ ಭಾಗದಲ್ಲಿ ಹೆಸರು, ಎರಡನೆಯದರಲ್ಲಿ ಉಳಿದದ್ದು. ಸಾಗರದ ಹುಡುಗರ ಕಂಪನಿಗೆ ಹೆಸರು ಒಪ್ಪುವುದು ಹರಿಯಾಣದ ಮಾನೇಸರ್‌ನಲ್ಲಿರುವ ಕಂಪನಿ ನೋಂದಣಿ ಕೇಂದ್ರ. ನಮಗೆ ಊರಿನ ನದಿಯ ಹೆಸರು ಬೇಕಿತ್ತು. ‘ವರದಾ’ ಸೇರಿದ ಹೆಸರು ಕೊಟ್ಟೆವು, ಅದನ್ನು ಹೋಲುವ ಕಂಪನಿ ಈಗಾಗಲೇ ಇದೆಯೆಂದು ಅರ್ಜಿ ವಾಪಸು ಬಂತು. ಒಂದು ಅಕ್ಷರ ಹೆಚ್ಚು ಸೇರಿಸಿ ಕೊಟ್ಟರೆ, ಕಾಗುಣಿತ ಬದಲಿಸಿದ ಮಾತ್ರಕ್ಕೆ ಬೇರೆ ಹೆಸರಾಗದು ಎಂದಿತು ಉತ್ತರ. 1,000 ರೂಪಾಯಿ ಶುಲ್ಕ ಹೋಯಿತು. ಎರಡನೆಯ ಸಲ 1,000 ಕಟ್ಟಿ ನಮ್ಮ ಫರ್ಮಿನ ಹಳೆಯ ಹೆಸರನ್ನೇ ಕೊಟ್ಟೆವು. ಆಗ ‘ಪಾಲುದಾರರ ಒಪ್ಪಿಗೆ ಪತ್ರ ಎಲ್ಲಿ?’ ಎಂಬ ಪ್ರಶ್ನೆ. ನಮ್ಮ ಹೆಸರಿಗೆ ನಾವೇ ಆಕ್ಷೇಪಣೆ ಇಲ್ಲವೆಂದು ನಮಗೇ ಪತ್ರ ಬರೆದುಕೊಂಡೆವು. ಒಪ್ಪಿಗೆ ಬಂತು. ಒಪ್ಪಿದ ಹೆಸರು ಇಪ್ಪತ್ತು ದಿನ ಮಾತ್ರ ನಮ್ಮದಾಗಿರುತ್ತದೆ. ಅಷ್ಟರಲ್ಲಿ ಉಳಿದದ್ದನ್ನು ಸಲ್ಲಿಸಬೇಕು. ಹಾಗಾಗಿ ಹೆಸರು ಕೇಳುವ ಮೊದಲೇ ಬೇರೆ ಕಾಗದಗಳನ್ನೆಲ್ಲ ಒಟ್ಟು ಮಾಡಿಟ್ಟುಕೊಳ್ಳಿ. ನಾವು ಹಾಗೆ ಮಾಡಿದ್ದು ಅದೃಷ್ಟದಿಂದಲ್ಲ, ಲೆಕ್ಕಪರಿಶೋಧಕರ ಬೈಗುಳದಿಂದ.

ಆ ‘ಬೇರೆ ಕಾಗದ’ಗಳಲ್ಲೇ ನಮ್ಮ ಎರಡು ತಿಂಗಳು ಹೋದದ್ದು. ಮೊದಲನೆಯದು ಹೆಸರಿನ ಇನಿಶಿಯಲ್. ಗೆಳೆಯನ ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್, ಪ್ಯಾನ್‌ನಲ್ಲಿ ಅವೇ ವಿಸ್ತಾರವಾಗಿ ಊರಿನ ಹೆಸರು ಮತ್ತು ತಂದೆಯ ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ದಕ್ಷಿಣದವರ ಹೆಸರು ಇಡುವ ಕ್ರಮ ಯಾವ ನಮೂನೆಯ ಖಾನೆಗೂ ಹೊಂದುವುದಿಲ್ಲ. ಆಧಾರ್ ತಿದ್ದಿಸಿ ಬರುವುದರೊಳಗೆ ಮೂರು ವಾರ.

ಎರಡನೆಯದು ಡಿಜಿಟಲ್ ಸಹಿ. ಒಬ್ಬರಿಗೆ 1,800 ರೂಪಾಯಿಯಂತೆ ಕೊಟ್ಟೆವು. ಅದಕ್ಕೆ ಮೊಬೈಲ್ ಎದುರು ಕುಳಿತು ಹೆಸರು ಹೇಳಿ, ಪ್ಯಾನ್ ಕಾರ್ಡ್ ತೋರಿಸುವ ಅರ್ಧ ನಿಮಿಷದ ವಿಡಿಯೊ ಕೊಡಬೇಕು. ವಿಡಿಯೊ ಮಾಡುವುದೇ ಹೊಟ್ಟೆಪಾಡಾದ ನಮ್ಮದು ತಿರಸ್ಕೃತವಾಯಿತು. ಕಾರಣ: ಮಾತು ಕೇಳಿಸುತ್ತಿಲ್ಲ. ಜುಲೈ ತಿಂಗಳ ಸಾಗರ. ತಗಡಿನ ಮಾಡಿನ ಮೇಲೆ ಮಳೆ. ಎರಡನೆಯ ಸಲ ಸ್ಟುಡಿಯೊದ ದೀಪ ಹಾಕಿ ಮಾಡಿದೆವು, ಕಾರ್ಡಿನ ಪ್ಲಾಸ್ಟಿಕ್ ಹೊಳೆದು ಅಕ್ಷರ ಮುಚ್ಚಿತು. ಮೂರನೆಯ ಸಲ ಅಪ್ಪ ಬಂದು ನನ್ನನ್ನು ಪಾಸ್‌ಪೋರ್ಟ್ ಫೋಟೊದ ಸ್ಟೂಲಿನ ಮೇಲೆ ಕೂರಿಸಿ, ಒಂದು ದೀಪ ಆರಿಸಿ, ‘ಗಲ್ಲ ಸ್ವಲ್ಪ ಕೆಳಗೆ’ ಎಂದರು. ಅದು ಪಾಸಾಯಿತು.

ಮೂರನೆಯದು, ಮತ್ತು ಎಲ್ಲಕ್ಕಿಂತ ಕಷ್ಟದ್ದು, ವಿಳಾಸ. ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ ಅಥವಾ ಅಂಥದೇ ದಾಖಲೆ, ಕಟ್ಟಡದ ಮಾಲೀಕರ ಆಕ್ಷೇಪಣೆ ಇಲ್ಲದ ಪತ್ರ, ಬಾಡಿಗೆ ಕರಾರು ಬೇಕು. ನಾವು ಬಾಡಿಗೆಗಿರುವ ಕಟ್ಟಡದ ಖಾತೆ ಮಾಲೀಕರಾದ ಅಜ್ಜಿಯ ಹೆಸರಿಗಿತ್ತು, ಮೀಟರ್ ಮಾತ್ರ ಹದಿನೈದು ವರ್ಷದ ಹಿಂದೆ ತೀರಿಕೊಂಡ ಅವರ ಯಜಮಾನರ ಹೆಸರಿನಲ್ಲಿತ್ತು. ಬಿಲ್ಲು ತಿಂಗಳು ತಿಂಗಳೂ ಅವರ ಹೆಸರಿಗೇ ಬರುತ್ತಿತ್ತು. ಹೆಸರು ಬದಲಿಸೋಣವೆಂದರೆ ಅಜ್ಜಿ ಒಪ್ಪಲಿಲ್ಲ. ‘ಅವರ ಹೆಸರು ಬರುವುದು ಅದೊಂದರಲ್ಲೇ ಮಾರಾಯ್ತಿ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಒಂದು ವಾರ ಆ ವಿಷಯ ಎತ್ತಲಿಲ್ಲ. ಆಮೇಲೆ ಅವರೇ ಕರೆದು ಇನ್ನೊಂದು ಅನುಮಾನ ಹೇಳಿದರು: ‘ಕಂಪನಿ ಎನ್ನುತ್ತೀಯಲ್ಲ, ನಾಳೆ ನೀವು ಸಾಲ ಮಾಡಿದರೆ ಬ್ಯಾಂಕಿನವರು ನನ್ನ ಮನೆ ಜಪ್ತಿ ಮಾಡುವುದಿಲ್ಲವೇ?’ ಕಂಪನಿಯ ಸಾಲಕ್ಕೂ ಬಾಡಿಗೆ ಕೊಟ್ಟವರ ಆಸ್ತಿಗೂ ಸಂಬಂಧವಿಲ್ಲ ಎಂದು ನಮ್ಮ ವಕೀಲರಿಂದ ಬಾಯಿಮಾತಿನಲ್ಲಿ ಹೇಳಿಸಿದೆ. ಸಾಲದೆಂದು ಅವರ ಅಳಿಯ ಬಂದು ಕೇಳಿಸಿಕೊಂಡು ಹೋದರು. ಮೀಟರ್ ಹೆಸರು ಬದಲಾಗಿ ಹೊಸ ಬಿಲ್ಲು ಬರುವಾಗ ಐದು ವಾರ. ಯಜಮಾನರ ಹೆಸರಿನ ಕೊನೆಯ ಬಿಲ್ಲನ್ನು ನಾನು ಚೌಕಟ್ಟು ಹಾಕಿಸಿ ಅಜ್ಜಿಗೆ ಕೊಟ್ಟೆ. ಅದು ಈಗ ಅವರ ಪಡಸಾಲೆಯಲ್ಲಿದೆ.

ಕಂಪನಿಯ ಉದ್ದೇಶ ಬರೆಯುವಾಗಲೂ ಎಚ್ಚರ ಬೇಕು. ಆಸೆಗೆ ಬಿದ್ದು ‘ಸುದ್ದಿ ಪ್ರಸಾರ’ ಎಂದೆಲ್ಲ ಸೇರಿಸಬೇಡಿ. ಡಿಜಿಟಲ್ ಸುದ್ದಿ ಪ್ರಕಟಿಸುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ದೂರು ಸ್ವೀಕರಿಸುವ ಅಧಿಕಾರಿ, ಸಚಿವಾಲಯಕ್ಕೆ ಮಾಹಿತಿ ಎಲ್ಲವೂ ಬರುತ್ತವೆ. ನಾವು ಚಿತ್ರ ನಿರ್ಮಾಣ, ಸಂಕಲನ, ಧ್ವನಿಮುದ್ರಣ, ಜಾಹೀರಾತು ಎಂದಷ್ಟೇ ಬರೆದೆವು. ಅಧಿಕೃತ ಬಂಡವಾಳ 1 ಲಕ್ಷ. 15 ಲಕ್ಷದವರೆಗೆ ಕೇಂದ್ರದ ನೋಂದಣಿ ಶುಲ್ಕವಿಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ. ಅಕ್ಟೋಬರ್‌ನ ಒಂದು ಮಧ್ಯಾಹ್ನ ಅನ್ನ ಕಲಸುತ್ತಿದ್ದಾಗ ಪ್ರಮಾಣಪತ್ರ ಇಮೇಲ್‌ಗೆ ಬಂತು, ಅದರಲ್ಲೇ ಪ್ಯಾನ್ ಮತ್ತು ಟ್ಯಾನ್, ಅಂದರೆ ಮೂಲದಲ್ಲಿ ತೆರಿಗೆ ಕಡಿತ ಮಾಡುವವರಿಗೆ ಬೇಕಾದ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ ನೋಡಿ: ನನ್ನದರಲ್ಲಿ ‘ಪಿ’, ಫರ್ಮಿನದರಲ್ಲಿ ‘ಎಫ್’, ಇದರಲ್ಲಿ ‘ಸಿ’. ಎಂಜಲು ಕೈಯಲ್ಲೇ ಅಪ್ಪನಿಗೆ ತೋರಿಸಿದೆ. ‘ಒಂದು ಅಕ್ಷರಕ್ಕೆ ನಾಲ್ಕು ತಿಂಗಳೇ?’ ಎಂದರು.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಕೆಟ್ಟಿರಿ. ಪ್ಯಾನ್ ಬೇರೆ ಆದದ್ದರಿಂದ ಹಳೆಯ ಬ್ಯಾಂಕ್ ಖಾತೆ, ಆ ನಡುವೆ ಮಾಡಿಸಿದ್ದ ಫರ್ಮಿನ ಉದ್ಯಮ್ ಸಂಖ್ಯೆ ಯಾವುದೂ ನಡೆಯುವುದಿಲ್ಲ. ಎಲ್ಲವನ್ನೂ ಮೊದಲಿಂದ ಮಾಡಬೇಕು. ಚಾಲ್ತಿ ಖಾತೆಗೆ ಬ್ಯಾಂಕಿಗೆ ಹೋದೆ. ನಿರ್ದೇಶಕ ಮಂಡಳಿಯ ನಿರ್ಣಯವನ್ನು ಕಂಪನಿಯ ಹೆಸರಿರುವ ಕಾಗದದಲ್ಲಿ ಬರೆದು ಮೊಹರು ಒತ್ತಿ ತನ್ನಿ ಎಂದರು. ಮೂರನೆಯ ಸ್ಟ್ಯಾಂಪನ್ನು ಮಾಡಿಸಿದ್ದು ಆಗ. ಜಾಗ ಸಾಲದೆಂದು ಅಂಗಡಿಯವರು ‘ಪ್ರೈವೇಟ್ ಲಿಮಿಟೆಡ್’ ಎಂಬುದನ್ನು ಚಿಕ್ಕದಾಗಿಸಿ ‘ಪ್ರೈ. ಲಿ.’ ಮಾಡಿದ್ದರು. ಕೌಂಟರಿನಲ್ಲಿದ್ದವರು ಪ್ರಮಾಣಪತ್ರವನ್ನೂ ಮೊಹರನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಎರಡೂ ಒಂದೇ ಇರಬೇಕು ಎಂದು ಹಿಂದಿರುಗಿಸಿದರು. 250 ರೂಪಾಯಿಯ ಸ್ಟ್ಯಾಂಪು ಒಂದೇ ದಿನಕ್ಕೆ ಡ್ರಾಯರ್ ಸೇರಿತು. ಖಾತೆ ಚಾಲೂ ಆಗಲು ಏಳು ವಾರ ಹಿಡಿಯಿತು. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಷೇರು ಹಣ ಖಾತೆಗೆ ಬಿದ್ದ ಮೇಲೆಯೇ ವ್ಯವಹಾರ ಆರಂಭದ ಘೋಷಣೆ ಸಲ್ಲಿಸಲು ಆಗುವುದು. ಐಎನ್‌ಸಿ-20ಎ ಎಂಬ ಆ ಅರ್ಜಿಗೆ ಗಡುವು 180 ದಿನ, ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ. ನಮ್ಮ ಸುತ್ತಿನ ಎರಡು ಸಣ್ಣ ಕಂಪನಿಗಳು ಇದನ್ನು ಮರೆತು ಅಳುತ್ತಿವೆ.

ಜಿಎಸ್‌ಟಿ ಸೇವಾ ವ್ಯವಹಾರಕ್ಕೆ ವರ್ಷಕ್ಕೆ 20 ಲಕ್ಷ ದಾಟಿದರೆ ಕಡ್ಡಾಯ. ನಾವು ದಾಟಿರಲಿಲ್ಲ, ಆದರೆ ದೊಡ್ಡ ಗ್ರಾಹಕರು ಜಿಎಸ್‌ಟಿ ಬಿಲ್ಲು ಇಲ್ಲದೆ ಮಾತೇ ಆಡುವುದಿಲ್ಲ. ಅರ್ಜಿಗೆ ಸ್ಪಷ್ಟೀಕರಣ ಕೇಳಿ ನೋಟಿಸು ಬಂದರೆ ಏಳು ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ನಮಗೆ ಬಂದಾಗ ನಾವು ಮದುವೆಯೊಂದರಲ್ಲಿ ಮುಳುಗಿದ್ದೆವು. ನೋಡಿದ್ದು ಆರನೆಯ ದಿನ. ಕೇಳಿದ್ದು ನಾಮಫಲಕದ ಜೊತೆ ಕಚೇರಿಯ ಫೋಟೊ. ಫೋಟೊ ತೆಗೆಯುವುದೇನೋ ಕಷ್ಟವಲ್ಲ, ಫಲಕವೇ ಇರಲಿಲ್ಲ! ರಾತ್ರೋರಾತ್ರಿ ಫ್ಲೆಕ್ಸ್ ಮಾಡಿಸಿ ತೂಗುಹಾಕಿ ಬೆಳಿಗ್ಗೆ ಫೋಟೊ ಕಳಿಸಿದೆ. ಆಮೇಲೆ 14,000 ರೂಪಾಯಿಗೆ ಸರಿಯಾದ ಫಲಕ ಮಾಡಿಸಿದೆವು. ಫಲಕದಲ್ಲಿ 60 ಪ್ರತಿಶತ ಕನ್ನಡ ಇರಬೇಕೆಂಬುದು 2024ರ ತಿದ್ದುಪಡಿಯಿಂದ ಬಂದ ನಿಯಮ. ನಮ್ಮ ಹೆಸರೂ ಚಿಹ್ನೆಯೂ ಕನ್ನಡದಲ್ಲೇ ಇದ್ದುದರಿಂದ, ಈ ಇಡೀ ಯಾತ್ರೆಯಲ್ಲಿ ತಕರಾರಿಲ್ಲದೆ ಮುಗಿದದ್ದು ಅದೊಂದೇ.

ಅದೇ ಕನ್ನಡ ಚಿಹ್ನೆ ಟ್ರೇಡ್‌ಮಾರ್ಕ್‌ನಲ್ಲಿ ನಿಲ್ಲಿಸಿತು. ಕರ್ನಾಟಕದ ಅರ್ಜಿಗಳು ಚೆನ್ನೈ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಚಿತ್ರ ನಿರ್ಮಾಣಕ್ಕೆ 41ನೇ ವರ್ಗ. ಶುಲ್ಕ 9,000, ಉದ್ಯಮ್ ಪತ್ರ ಇದ್ದರೆ 4,500. ಕನ್ನಡದ ಪದವಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕೆಂಬುದು ನಮಗೆ ತಿಳಿದಿರಲಿಲ್ಲ. ತಿದ್ದಿದೆವು. ನಂತರ ಪರೀಕ್ಷಾ ವರದಿಯಲ್ಲಿ ಹೋಲುವ ಗುರುತೊಂದನ್ನು ತೋರಿಸಿದರು. ಅದಕ್ಕೆ ಒಂದು ತಿಂಗಳಲ್ಲಿ ಉತ್ತರ. ಆಮೇಲೆ ಆ ಕಚೇರಿಯ ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾಗಿ ನಾಲ್ಕು ತಿಂಗಳು ಯಾರಾದರೂ ವಿರೋಧಿಸುತ್ತಾರೆಯೇ ಎಂದು ಕಾಯುವುದು. ಆ ನಾಲ್ಕು ತಿಂಗಳು ನಾನು ದಿನವೂ ಬೆಳಿಗ್ಗೆ ಎದ್ದು ಸ್ಥಿತಿ ನೋಡುತ್ತಿದ್ದೆ. ನೋಡಿದರೆ ಬೇಗ ಆಗುತ್ತದೆ ಎಂದೇನಲ್ಲ.

ಈ ನಡುವೆ ಕೆಲಸ ನಿಂತಿರಲಿಲ್ಲ. ಡ್ರೋನ್ ಬಗ್ಗೆ ಕೇಳುವವರಿಗೆ ಇಷ್ಟು: 250 ಗ್ರಾಂ ಒಳಗಿನದ್ದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಅದಕ್ಕಿಂತ ಭಾರದ್ದನ್ನು ದುಡಿಮೆಗೆ ಹಾರಿಸುವವರಿಗೆ ಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಶಿವಮೊಗ್ಗದ ಆಕಾಶ ಮೊದಲಿನಂತಿಲ್ಲ. ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಮೀರಿದರೆ ಅನುಮತಿ ಬೇಕು, 8ರ ಒಳಗಂತೂ ಎತ್ತರ ಎಷ್ಟೇ ಇರಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ‘ಡಿಜಿಟಲ್ ಸ್ಕೈ’ ಎಂಬ ಸರ್ಕಾರಿ ಡ್ರೋನ್ ತಾಣದ ನಕ್ಷೆ ನೋಡದೆ ಮದುವೆ ಮನೆಗೆ ಮಾತು ಕೊಡಬೇಡಿ. ಹಾಗೆಯೇ ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮದುವೆ ಪೂರ್ವದ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಮ್ಮನ್ನು ವಧು ವರರ ಎದುರೇ ಹೊರಗೆ ಕಳಿಸಿದ್ದರು. ತಪ್ಪು ನಮ್ಮದೇ ಆಗಿತ್ತು.

ಈಗ ಪ್ರತಿ ಕೆಲಸಕ್ಕೂ ಎರಡು ಪುಟದ ಕರಾರು. ಅರ್ಧ ಮುಂಗಡ, ಉಳಿದದ್ದರಲ್ಲಿ ಅರ್ಧ ಮೊದಲ ಕರಡು ತೋರಿಸಿದಾಗ, ನೀರುಗುರುತಿಲ್ಲದ (ವಾಟರ್‌ಮಾರ್ಕ್ ಇಲ್ಲದ) ಅಂತಿಮ ಪ್ರತಿ ಪೂರ್ತಿ ಹಣ ಬಂದ ಮೇಲೆಯೇ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರುತ್ತದೆ. ಸಣ್ಣ ಉದ್ದಿಮೆಗೆ ಗಡುವಿನಲ್ಲಿ ಹಣ ಕೊಡದಿದ್ದರೆ, ಕೊಡುವವರೆಗೆ ಆ ವೆಚ್ಚವನ್ನು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬ ನಿಯಮ ಬಂದ ಮೇಲೆ, ಮಾರ್ಚ್ ಕೊನೆಯ ವಾರ ಗ್ರಾಹಕರೇ ಫೋನ್ ಮಾಡುತ್ತಾರೆ. ಮೂಲದಲ್ಲಿ ತೆರಿಗೆ ಕಡಿತವನ್ನು ಕೆಲವರು 2 ಪ್ರತಿಶತ, ಕೆಲವರು 10 ಪ್ರತಿಶತ ಮಾಡುತ್ತಾರೆ. ಗುತ್ತಿಗೆ ಕೆಲಸವೋ ವೃತ್ತಿ ಸೇವೆಯೋ ಎಂದು ಕರಾರಿನಲ್ಲೇ ಮಾತಾಡಿಕೊಳ್ಳಿ. ಹೆಚ್ಚು ಕಡಿದದ್ದು ಮರಳಿ ಬರಬಹುದು, ಆದರೆ ಒಂದು ವರ್ಷ ಕೈಯಿಂದ ಹೋದ ಹಾಗೆ.

ಲೆಕ್ಕ ಕೇಳುವವರಿಗಾಗಿ: ಹೆಸರಿಗೆ 2,000, ಡಿಜಿಟಲ್ ಸಹಿಗೆ 3,600, ಲೆಕ್ಕಪರಿಶೋಧಕರಿಗೆ 15,000, ಸ್ಟ್ಯಾಂಪಿಗೆ 500, ಫಲಕಕ್ಕೆ 14,000, ಟ್ರೇಡ್‌ಮಾರ್ಕ್‌ಗೆ ಏಜೆಂಟರ ಶುಲ್ಕ ಸೇರಿ 10,500. ಓಡಾಟ, ಜೆರಾಕ್ಸ್, ಅಜ್ಜಿಯ ಚೌಕಟ್ಟು ಬೇರೆ. ವರ್ಷ ವರ್ಷ ಲೆಕ್ಕ ಪರಿಶೋಧನೆ ಮತ್ತು ವಾರ್ಷಿಕ ಸಲ್ಲಿಕೆಗಳಿಗೆ ಸುಮಾರು 30,000. ಕಂಪನಿ ಮಾಡಿ ಒಂದು ರೂಪಾಯಿ ವ್ಯವಹಾರ ಮಾಡದಿದ್ದರೂ ಇದು ತಪ್ಪುವುದಿಲ್ಲ. ವರ್ಷಕ್ಕೆ ಹತ್ತು ಮದುವೆ ಮಾಡುವವರು ಕಂಪನಿ ಮಾಡಬೇಡಿ. ಫರ್ಮ್ ಮಾಡಿ, ಆದರೆ ದಯವಿಟ್ಟು ಅದನ್ನು ನೋಂದಣಿ ಮಾಡಿಸಿ.

ನಾವು ಈಗ ಏಳು ಜನ. ಅಟ್ಟದಲ್ಲಿ ಎರಡು ಸಂಕಲನ ಕೋಣೆ, ಭಾವನದು ಮೊಟ್ಟೆಯ ಟ್ರೇ ಅಂಟಿಸಿದ ಧ್ವನಿ ಕೋಣೆ. ಮೊಟ್ಟೆ ಟ್ರೇಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲವೆಂದು ಅವರಿಗೂ ಗೊತ್ತು. ಮಳೆಗಾಲದಲ್ಲಿ ನಿರೂಪಣೆಯನ್ನು ಮಳೆ ಬಿಡುವು ಕೊಟ್ಟಾಗಲೇ ಮುದ್ರಿಸುವುದು. ಟ್ರೇಡ್‌ಮಾರ್ಕ್ ಪ್ರಮಾಣಪತ್ರದ ಪ್ರತಿ ತೆಗೆದು ಕೆಳಗೆ ಒಯ್ದಾಗ ಅಪ್ಪ ಒಬ್ಬ ಶಾಲಾ ಹುಡುಗನ ಫೋಟೊ ಕತ್ತರಿಸುತ್ತಿದ್ದರು. ಕನ್ನಡಕ ಮೇಲೆತ್ತಿ ಓದಿದರು. ‘ಎಷ್ಟು ವರ್ಷಕ್ಕೆ?’ ಎಂದರು. ಹತ್ತು ವರ್ಷ, ಆಮೇಲೆ ನವೀಕರಿಸಬೇಕು ಎಂದೆ. ಕಾಗದ ನನ್ನ ಕೈಗೆ ಕೊಟ್ಟು, ಡ್ರಾಯರ್ ಎಳೆದು ತಮ್ಮ ಹಳೆಯ ಸ್ಟ್ಯಾಂಪು ತೆಗೆದು, ಫೋಟೊ ಕವರಿನ ಹಿಂದೆ ಒತ್ತಿ, ಹುಡುಗನಿಗೆ ನಲವತ್ತು ರೂಪಾಯಿ ಎಂದರು.